ಸೆಪ್ಟೆಂಬರ್ ಮೂವತ್ತರ ಹಲಗೆ

ಪುಣೆಯಲ್ಲಿ ಅಚ್ಚಾದ ಮರಾಠಿ ಪುಸ್ತಕ ತೆರೆದು
ದಿನವೂ ಪ್ರಾರ್ಥನೆಗೆ ಮೊದಲು
ಹಲಗೆಯ ಬಲಮೂಲೆಗೆ ದಿನವಿಶೇಷ ಬರೆಯುತ್ತೇನೆ,
ಕನ್ನಡಕ್ಕೆ ಹೊರಳಿಸಿ.
ಅಕ್ಕಲಕೋಟೆ ತಾಲೂಕಿನ ಈ ಶಾಲೆಗೆ
ಒಂದು ತಾರೀಖೂ ನೆಟ್ಟಗೆ ಬರುವುದಿಲ್ಲ,
ಒಂದು ಭಾಷೆ ದಾಟಿಯೇ ಬರಬೇಕು.

೧೮೪೬: ಈಥರ್ ಮೂಸಿಸಿ, ನೋವಿಲ್ಲದೆ ಹಲ್ಲು ಕಿತ್ತರು.
೧೮೮೨: ಅಮೆರಿಕದ ಒಂದು ಹೊಳೆ ದೀಪ ಹಚ್ಚಿತು.
೧೯೬೬: ಬೋಟ್ಸ್ವಾನಾ ಸ್ವತಂತ್ರ.
ಎಲ್ಲೈತ್ರಿ ಗುರುಜಿ ಅದು?
ಆಫ್ರಿಕಾದಾಗ.
ಅಲ್ಲೂ ಗಡಿ ಐತೇನ್ರಿ?
ಐತಿ. ಬರಕೊಳ್ರಿ.
೧೯೯೩: ಕಿಲ್ಲಾರಿ ಭೂಕಂಪ,
ನಸುಕಿನ ನಾಲ್ಕಕ್ಕೆ ನಾಲ್ಕು ನಿಮಿಷ ಇರುವಾಗ.

ಬೇಗ ಬಂದ ಹುಡುಗರಿಗೆ ನಾಲ್ಕೂ ಒಂದೇ ದೂರ.

ಖಿಚಡಿಯ ಅಕ್ಕಿ ಆರಿಸುವುದು ಬಿಟ್ಟು
ಗುರುಬಾಯಿ ಬಂದಳು, ಸೆರಗು ಝಾಡಿಸುತ್ತ.
ಓದು ಬಾರದು. ಆದರೂ ಆ ಸಾಲು ಯಾವುದೆಂದು
ಪ್ರತಿವರ್ಷ ಅವಳಿಗೆ ಗೊತ್ತಾಗುತ್ತದೆ.
"ಅದರ ಬುಡಕ ನಮ್ಮ ಮಂದಾಕಿನೀದು ಹಾಕ್ರಿ, ಗುರುಜಿ."

ಗಣಪತಿ ಕಳಿಸಿ ಬಂದು ಮಲಗಿತ್ತು
ತೇರ್ಣಾ ದಂಡೆಯ ಅವಳ ಗಂಡನೂರು.
ಕಲ್ಲುಮಣ್ಣಿನ ಗೋಡೆ, ಎರಡು ಮೊಳ ದಪ್ಪ,
ಬೇಸಿಗೆಗೆ ತಂಪೆಂದು ಹೊಗಳಿಸಿಕೊಂಡ ಗೋಡೆ.
ದಿನ ತುಂಬಿದವಳಿಗೆ ಒಳಗೆ ಧಗೆ.
ಕಣದಲ್ಲಿ ಕೌದಿ ಹಾಸಿ ಮಲಗಿದ್ದಳು, ಅಷ್ಟೇ.
ಬದುಕಿದ್ದಕ್ಕೆ ಬೇರೆ ಕಾರಣ ಅವಳು ಹುಡುಕಿಲ್ಲ.
ಬೆಳಕು ಹರಿದಾಗ ತೊಗರಿ ಹೊಲದಲ್ಲಿ ಹೆತ್ತಳು;
ಹೊಕ್ಕಳಬಳ್ಳಿ ಕೊಯ್ದದ್ದು
ಹೆಣ ತೆಗೆಯಲು ಬಂದ ಯಾರದೋ ಕುಡುಗೋಲು.

ಆ ತಾರೀಖು ಕೂಸಿಗೆ ಬೇಡ, ಅಂದಳು ತವರಿನ ಮುದುಕಿ.
ಶಾಲೆಗೆ ಹೆಸರು ಹಚ್ಚುವಾಗ
ಅಂದಿನ ಹೆಡ್ಮಾಸ್ತರರು ಜೂನ್ ಒಂದು ಅಂತ ಬರೆದರು.
ನನ್ನದೂ ಜೂನ್ ಒಂದೇ.
ಅರ್ಧ ಊರು ಅಂದೇ ಹುಟ್ಟಿದೆ;
ದಾಖಲೆ ನಂಬಿದರೆ ಆ ದಿನ ನಮ್ಮ ಸೂಲಗಿತ್ತಿಗೆ
ಕೂತು ಉಣ್ಣಲೂ ಪುರಸೊತ್ತಿರಲಿಲ್ಲ.

ಅವಳ ಮನೆಯಲ್ಲಿ ಮಾತ್ರ ಲೆಕ್ಕ ಬೇರೆ:
ಮುಂಜಾನೆ ಎಡೆ, ಸಂಜೆ ಪೇಡೆ.
ನಡುವಿನ ಹೊತ್ತು ಇಲ್ಲಿ,
ಇನ್ನೂರು ಮಕ್ಕಳ ಅಕ್ಕಿಯಲ್ಲಿ ಹರಳು ಹುಡುಕುತ್ತ.

ಬರೆದೆ, ಜಾಗ ಸಾಲದೆ ಅಕ್ಷರ ಸಣ್ಣ ಮಾಡಿ:
೧೯೯೩, ಮಂದಾಕಿನಿ ಜನನ.

"ಮ್ಯಾಲಿಂದು ಏನ್ರಿ?" ಮೊದಲ ಸಾಲಿಗೆ ಬೆರಳು.
ಹಲ್ಲಿನ ಕಥೆ ಹೇಳಿದೆ.
"ನೋವಿಲ್ಲದ?"
"ಹೂಂ, ನೋವಿಲ್ಲದೆ."
ತುಸು ಹೊತ್ತು ನಿಂತಳು.
"ಹಿಂದಿನ ದಿನ ನಮ್ಮ ಪರಶ್ಯಾನ ಹಲ್ಲು ಬಿದ್ದಿತ್ತರಿ.
ಸೆಗಣ್ಯಾಗಿಟ್ಟು ಮಾಳಿಗಿ ಮ್ಯಾಲ ಒಗದಿದ್ದ."

ಪರಶ್ಯಾ ಎಂಬ ಹೆಸರು
ಹನ್ನೊಂದು ವರ್ಷದಲ್ಲಿ ನಾನು ಕೇಳಿದ್ದು ಅದೇ ಮೊದಲು.
ಯಾವ ಮಾಳಿಗೆ ಎಂದು ಕೇಳಲಿಲ್ಲ.
ಒಲೆ ಹಚ್ಚಬೇಕೆಂದು ಅವಳು ಹೋದಳು,
ಗಂಟೆ ಹೊಡೆಯಿತು.

ಹಲಗೆಯಲ್ಲಿ ಜಾಗವಿರಲಿಲ್ಲ.
ಹಲ್ಲು ಎಂಬ ಪದದ ಪಕ್ಕ
ಸೀಮೆಸುಣ್ಣದಿಂದ ಒಂದು ಚುಕ್ಕೆ ಇಟ್ಟೆ.
ತಪ್ಪಿ ಬಿದ್ದದ್ದೆಂದು ತಿಳಿದು
ಊಟದ ಬಿಡುವಿನೊಳಗೆ ಯಾರೋ
ಅದನ್ನು ಬೆರಳಿಂದ ಅಳಿಸಿದ್ದರು.