ಏಳರವರೆಗೆ ಎಣಿಸುವುದು

ಚರ್ಚಿನ ನೆಲಮಾಳಿಗೆಯಲ್ಲಿ ಹನ್ನೊಂದು ಮಡಚು ಕುರ್ಚಿ.
ಕಾಫಿ ಪಾತ್ರೆಯ ಕೆಂಪು ದೀಪ ಉರಿಯುತ್ತಲೇ ಇದೆ,
ಕಾಫಿ ಮಾತ್ರ ಆರಿದೆ.
ವೆಸ್ಟ್ ವರ್ಜೀನಿಯಾದ ಈ ಇಕ್ಕಟ್ಟು ಕಣಿವೆಯಲ್ಲಿ
ಕಲ್ಲಿದ್ದಲಿನ ರೈಲು ಹಾದಾಗಲೆಲ್ಲ
ಪಾಠ ಹೇಳುವ ರೊವೀನಾ ಸುಮ್ಮನಾಗುತ್ತಾಳೆ,
ಕೊನೆಯ ಬೋಗಿ ದಾಟುವವರೆಗೆ.
ಅದೂ ಪಾಠವೇ ಎಂದು ತಡವಾಗಿ ಹೊಳೆಯಿತು.

ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು.
ಮೊಣಕಾಲು ಕೈಕೊಟ್ಟ ಮೇಲೆ ಇಲ್ಲಿಗೆ ಬಂದೆ.
ಅರ್ಜಿಯಲ್ಲಿ ಅನುಭವ ಎಂಬಲ್ಲಿ ಏನು ತುಂಬಲಿ?
ಮೂವತ್ತೊಂದು ಸ್ಟಾಪು, ಎಂದು ಬರೆದೆ.

ಮೊದಲ ದಿನ ಮೂಗಿಗೆ ಔಷಧಿ ಹೊಡೆಯುವುದು.
ರಬ್ಬರ್ ಗೊಂಬೆಯ ಗದ್ದ ಎತ್ತಿ, ತಲೆ ಹಿಂದಕ್ಕೆ ಬಾಗಿಸಿ
ಒಂದೇ ಒತ್ತು. ಗಡಿಯಾರ ನೋಡು. ಎದೆ ನೋಡು.
ಎಚ್ಚರಾದವನು ಬೈದರೆ ಬೈಸಿಕೊ,
ಬೈಯಲಿಕ್ಕೂ ಉಸಿರು ಬೇಕಲ್ಲ.

ಎರಡನೆಯ ದಿನ ಆಡಬಾರದ ಮಾತು.
ಬೋರ್ಡಿನ ಮೇಲೆ ಒಂದೊಂದಾಗಿ ಬರೆದಳು,
ಒಬ್ಬೊಬ್ಬರು ಎದ್ದು ಒರೆಸಿದೆವು.
ನನ್ನ ಪಾಲಿಗೆ ಬಂದದ್ದು:
‘ನೀವು ಮೊದಲೇ ಗಮನಿಸಬೇಕಿತ್ತು.’
ಡಸ್ಟರು ಆಡಿಸಿದೆ. ಅಕ್ಷರ ಹೋಯಿತು,
ಸುಣ್ಣದ ಬಿಳಿ ಅಲ್ಲೇ ನಿಂತಿತು.

ಮೂರನೆಯ ದಿನ ನಾಟಕ.
ಗಣಿಯಲ್ಲಿ ಬೆನ್ನು ಮುರಿದುಕೊಂಡ ಲೆಮ್ಯುಯಲ್‌ಗೆ
ತಾಯಿಯ ಚೀಟಿ ಬಂತು. ಎಲ್ಲರೂ ನಕ್ಕೆವು, ಅವನೂ.
ಚೀಟಿ ಓದಿದ. ಮಡಚಿ ಜೇಬಿಗಿಟ್ಟ. ಆಮೇಲೆ
‘ಬಚ್ಚಲ ಬಾಗಿಲ ಚಿಲಕ ನಾನೇ ಬಿಚ್ಚಿದ್ದು.
ಮಗಳು ಒಳಗಿದ್ದಷ್ಟು ಹೊತ್ತೂ ಹೊರಗೆ ನಿಂತು
ಅದೂ ಇದೂ ಕೇಳ್ತಿದ್ದೆ.
ಸೋಪು ಇದೆಯಾ? ಟವಲ್ ಇದೆಯಾ?
ನನಗೆ ಬೇಕಾಗಿದ್ದು ಹೂಂ ಅನ್ನೋದೊಂದೇ’ ಅಂದ.
ಚೀಟಿಯಲ್ಲಿ ಅದು ಇರಲಿಲ್ಲ.

ನಾನು ಅವನೆದುರು ಕೂತ ಕೆಲಸದವಳು, ಬಾಯಿ ತೆರೆದೆ.
ರೊವೀನಾ ಕೈಯೆತ್ತಿ ತಡೆದಳು:
‘ಎಲ್ಲರೂ ನಾಲ್ಕಕ್ಕೇ ಸಮಾಧಾನ ಹೇಳಿಬಿಡ್ತಾರೆ.
ಅದು ಹೇಳುವವರ ಸಮಾಧಾನಕ್ಕೆ.
ಏಳರವರೆಗೆ ಎಣಿಸು. ಮನಸ್ಸಿನಲ್ಲಿ.’

ನವೆಂಬರಿನಲ್ಲಿ ಕುತ್ತಿಗೆಗೆ ಗುರುತುಚೀಟಿ, ಕಂಕುಳಲ್ಲಿ ಫೈಲು,
ಮೊದಲ ಮನೆ.
ವಿಳಾಸ ನೋಡಬೇಕಿರಲಿಲ್ಲ. ಏಳನೆಯ ಸ್ಟಾಪು.
ಕಾಲಿಗೆ ಬ್ರೇಕಿನ ನೆನಪು ಇನ್ನೂ ಇತ್ತು.

ಆರ್ಡಿತ್ ಬಾಗಿಲು ತೆಗೆದಳು.
ಮೊಮ್ಮಗಳು ಮೇಜಿನಡಿ ಕೂತು
ಬಣ್ಣದ ಕಡ್ಡಿಯ ಕಾಗದ ಸುಲಿಯುತ್ತಿದ್ದಳು.
ಕಾರ್ಬಿನ್ ಹಂಟಿಂಗ್ಟನ್ನಿನಲ್ಲಿರಬೇಕು,
ಚಿಕಿತ್ಸೆಗೋ, ಯಾರದೋ ಕಾರಿನ ಹಿಂದಿನ ಸೀಟಿಗೋ.
ಸೋಮವಾರದಿಂದ ಫೋನಿಲ್ಲ.

ಫೈಲು ಬಿಚ್ಚಿದೆ. ಮೊದಲ ಪ್ರಶ್ನೆ ಓದುವ ಮುಂಚೆಯೇ
‘ನೀನು ಬಸ್ಸಿನವಳು’ ಅಂದಳು.
‘ಮಂಡಿ ಆಪರೇಷನ್ ಆದ ವರ್ಷ, ಮಾತ್ರೆ ಕೊಟ್ಟಿದ್ರಲ್ಲ,
ಆಗ ಅವನು ನಿನ್ನ ಬಸ್ಸಲ್ಲೇ ಬರ್ತಿದ್ದ. ನಿದ್ದೆ ಮಾಡ್ತಿದ್ನಾ?’

ಮಾಡುತ್ತಿದ್ದ. ಬಲಗಡೆಯ ಕಿಟಕಿ.
ತಿರುವಿನಲ್ಲೆಲ್ಲ ಗಾಜಿಗೆ ಹಣೆ ಬಡಿಯುತ್ತಿತ್ತು, ಎಚ್ಚರವಿಲ್ಲ.
ಕನ್ನಡಿಯಲ್ಲಿ ಕಾಣುತ್ತಿತ್ತು ನನಗೆ.
ಫುಟ್ಬಾಲ್ ಆಡಿ ದಣಿದಿದ್ದಾನೆ ಅಂದುಕೊಂಡೆ,
ದಣಿವಿಗೆ ಕುಂಟುವ ಕಾಲು ಅಡ್ಡ ಬರಲಿಲ್ಲ.
ಮನೆ ಬಂದಾಗ ಕೂಗುತ್ತಿದ್ದೆ:
ಏಳು, ಮಗಾ, ಏಳು.

ನಿಮ್ಮ ಕಥೆ ಹೇಳಬೇಡಿ, ಎನ್ನುತ್ತದೆ ಕೈಪಿಡಿ, ಹನ್ನೆರಡನೆಯ ಪುಟ.
‘ಮಾಡ್ತಿದ್ದ’ ಅಂದೆ. ‘ನೋಡಿದ್ದೆ. ಯಾರಿಗೂ ಹೇಳಲಿಲ್ಲ.’

ಅವಳು ನನ್ನನ್ನು ನೋಡಲಿಲ್ಲ,
ಮೇಜಿನ ಮೇಲಿನ ಗೀರೊಂದನ್ನು ಉಗುರಿನಿಂದ ಕೆರೆದಳು.
ಒಂದು.
ಎರಡು. ದೂರದಲ್ಲಿ ರೈಲು.
ಮೂರು.
ನಾಲ್ಕು. ನಾಲಿಗೆ ಕಚ್ಚಿ ಹಿಡಿದೆ.
ಐದು. ಮೇಜಿನಡಿ ಕಡ್ಡಿ ಮುರಿದ ಸದ್ದು.
ಆರು.

ಅವಳು ಎದ್ದಳು.
ನೀರು ಕಾಯಲಿಟ್ಟಳು. ಎರಡು ಲೋಟ ತೊಳೆದಳು.
ಡ್ರಾಯರ್ ಎಳೆದು, ಒಳಗೆ ಕೈಯಾಡಿಸಿ,
‘ಚಮಚ ಒಂದೇ ಉಳಿದಿರೋದು’ ಅಂದಳು.
‘ಮೊದಲು ನೀನು ಕಲಸ್ಕೋ.’