ಸಾಕು

ಟೂಸಾನಿನ ದಕ್ಷಿಣ ಓಣಿಯಲ್ಲಿ, ಲಾಂಡ್ರಿಯ ಹಿಂಗೋಡೆಗೆ
ಎರಡು ಬೆಡ್‌ಶೀಟು ಹೊಲಿದು ಕಟ್ಟಿದ್ದಾರೆ.
ಹೊಲಿಗೆ ಸರಿಯಾಗಿ ನಾಯಕಿಯ ಮೂಗಿನ ಮೇಲೇ ಬರುತ್ತದೆ.
ಜೂನ್. ರಾತ್ರಿ ಒಂಬತ್ತಾದರೂ ಕಬ್ಬಿಣದ ಕುರ್ಚಿ
ತೊಡೆಗೆ ಬರೆ ಹಾಕುವಷ್ಟು ಬಿಸಿ.

ಹಳೇ ಮೆಕ್ಸಿಕೋ ಚಿತ್ರ, ಕಪ್ಪು ಬಿಳುಪು.
ಅಡಿಬರಹ ಇಲ್ಲ. ಇಲ್ಲಿ ಕೂತವರಿಗೆ ಬೇಕಾಗಿಯೂ ಇಲ್ಲ,
ನನ್ನೊಬ್ಬಳನ್ನು ಬಿಟ್ಟು.
ಇತ್ಸೆಲ್ ನನ್ನ ಕಿವಿಗೆ ಬಾಯಿಟ್ಟು ಹೇಳುತ್ತಾಳೆ
ಹೆತ್ತವಳ ಸ್ಪ್ಯಾನಿಷಿನಿಂದ ನೇರ ಕನ್ನಡಕ್ಕೆ,
ನಾನು ಕಲಿಸಿದ ಕನ್ನಡ,
ನಮ್ಮ ಅಡುಗೆಮನೆಯಷ್ಟೇ ಅಗಲದ್ದು.

"ಅವಳು ಹೆಣದ ಪೆಟ್ಟಿಗೆ ಮಾಡ್ತಾಳೆ."
ಸರಿ.
"ಮದುವೆ ಇಲ್ಲ. ಯಾರೋ ಬಾಗಿಲಲ್ಲಿ ಪಾಪು ಬಿಟ್ಟುಹೋದ್ರು."
ಅದು ನನಗೂ ಕಾಣುತ್ತದೆ.
ತೊಟ್ಟಿಲಿಲ್ಲ. ಎಳೆಯರಿಗೆಂದು ಮಾಡಿಟ್ಟ ಮೊಳದುದ್ದದ ಪೆಟ್ಟಿಗೆಯಲ್ಲಿ
ಮರದ ಹೊಟ್ಟು ಹಾಸಿ ಮಲಗಿಸುತ್ತಾಳೆ ಕೂಸನ್ನು.
ಮುಚ್ಚಳ ಮಾತ್ರ ಅಂದೇ ಒಲೆಗೆ.
ಮುಂದಿನ ಸಾಲಿನ ಅಜ್ಜಿ ಶಿಲುಬೆ ಗುರುತು ಹಾಕಿಕೊಂಡಳು.

ಇತ್ಸೆಲ್ ಬಂದದ್ದು ಹೀಗೇನಲ್ಲ.
ಕೋರ್ಟಿನ ಹೆಂಗಸು ಕಾರಿನಿಂದ ಇಳಿಸಿದಾಗ ಆರು ವರ್ಷ.
ಕಸದ ಕಪ್ಪು ಚೀಲದಲ್ಲಿ ಬಟ್ಟೆ, ಜೊತೆಯಿಲ್ಲದ ಮೂರು ಕಾಲುಚೀಲ.
ನಾನು ನಲವತ್ತೇಳರ ಒಂಟಿ,
ದಂತವೈದ್ಯರಿಗೆ ಹಲ್ಲಿನ ಅಚ್ಚು ತೆಗೆದುಕೊಡುವವಳು.
"ಹೆತ್ತವರಿಗೆ ಹೆಗ್ಗಣ ಮುದ್ದು" ಅಂದಿದ್ದಳು ಅಕ್ಕ ಫೋನಿನಲ್ಲಿ,
ಹೆರದವರ ಗಾದೆಯನ್ನು ನನಗೇ ಬಿಟ್ಟು.
ಏನಂತ ಕರೀಲಿ, ಹುಡುಗಿ ಕೇಳಿತ್ತು.
ಹೆಸರೇ ಸಾಕು ಅಂದೆ.
ಆ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥ ಇದೆ,
ಅವಳಿಗೆ ಹೇಳಿಕೊಟ್ಟಿಲ್ಲ.

ಚಿತ್ರದಲ್ಲಿ ಕೊನೆಗೆ ಆ ಇನ್ನೊಬ್ಬಳು ಬಂದಳು, ಬರಲೇಬೇಕಲ್ಲ,
ತುಪ್ಪಳದ ಕೋಟು, ಕೈಗವಸು, ಹೊರಗೆ ನಿಂತ ಕಾರು.
ಹುಡುಗ ಇಬ್ಬರ ನಡುವೆ.
ಪೆಟ್ಟಿಗೆಯವಳು ಉಳಿ ಕೆಳಗಿಟ್ಟು ಏನೋ ಅಂದಳು,
ಉದ್ದಕ್ಕೆ. ಹುಡುಗನೂ ಏನೋ ಅಂದ, ಗಿಡ್ಡಕ್ಕೆ.
ಸುತ್ತ ಎಲ್ಲ ಮೂಗು ಸೀಟುತ್ತಿದ್ದಾರೆ,
ನನ್ನ ಕಿವಿ ಖಾಲಿ.

"ಏನಂದ?"
"ಏನೂ ಇಲ್ಲ."
"ಬಾಯಿ ಅಲ್ಲಾಡ್ತಲ್ಲೇ."
"ಅದಕ್ಕೆ ಕನ್ನಡ ನೀನು ಹೇಳಿಕೊಟ್ಟಿಲ್ಲ."

ಜನ ಚದುರಿದ ಮೇಲೆ ಬೆಡ್‌ಶೀಟು ಬಿಚ್ಚಲು ನಾವೂ ನಿಂತೆವು.
ಒಂದು ತುದಿ ಅವಳದು, ಒಂದು ನನ್ನದು.
ಮಡಿಸುವಾಗ ಹತ್ತಿರ ಬರಲೇಬೇಕು, ಬಂದೆವು,
ಬೆರಳಿಗೆ ಬೆರಳು ತಾಗುವಷ್ಟು.
ಬಟ್ಟೆಯಲ್ಲಿನ್ನೂ ಗೋಡೆಯ ಬಿಸಿ.
"ವನಮಾಲಾ," ಬೈದಳು,
"ಕಾರಿನ ಕೀ ಮತ್ತೆ ಎಲ್ಲಿ ಬಿಟ್ಟೆ?"