ನೀರು ಮಾಗುವ ತನಕ

ಗ್ಯಾನೆಟ್ ಕೋವಿನಲ್ಲಿ ಈಗ ಹನ್ನೊಂದೇ ಮನೆ.
ಹಿತ್ತಲಲ್ಲಿ, ದೋಣಿ ಬೋರಲು ಹಾಕಿದ್ದ ಜಾಗದಲ್ಲಿ,
ನನ್ನ ಗಂಡ ಹೆಡ್ಲಿ ಗಾಜಿನ ಮನೆ ಕಟ್ಟಿದ.
ಮುಚ್ಚಿಹೋದ ಶಾಲೆಯ ಕಿಟಕಿಗಳು, ಸ್ಪ್ರೂಸ್ ಮರದ ಗಳ,
ಉತ್ತರದ ಗೋಡೆಗೆ ಹಳೇ ಕಂಬಳಿ, ಮೂಲೆಗೊಂದು ಸೌದೆ ಒಲೆ.
ಒಂದು ಗಾಜಿನ ಮೇಲೆ ಯಾವುದೋ ಮಗು ಮೊಳೆಯಲ್ಲಿ ಗೀಚಿದ
ಏಳರ ಮಗ್ಗಿ ಇನ್ನೂ ಇದೆ,
ಏಳೆಂಟ್ಲ ಐವತ್ನಾಲ್ಕು.

ಆಮೇಲೆ ತೊಟ್ಟಿ ಬಂತು, ಸಾವಿರ ಲೀಟರಿನದು,
ಎಲ್ಲಿಯದೋ ಬಿಸಿಲ ದ್ವೀಪದ ಕಾಕಂಬಿ ಹೊತ್ತು ಬಂದಿದ್ದದ್ದು.
ಹತ್ತು ಸಲ ತೊಳೆದರೂ ಸಿಹಿ ವಾಸನೆ ಬಿಡಲಿಲ್ಲ.
ಮೇಲಿನ ಮೂರನೇ ಒಂದು ಪಾಲು ಗರಗಸದಲ್ಲಿ ಕೊಯ್ದು
ಅದನ್ನೇ ಅದರ ತಲೆಯ ಮೇಲೆ ಕೂರಿಸಿದ.
ಕೆಳಗೆ ಮೀನು, ಮೇಲೆ ಸೊಪ್ಪು.
"ಮಹಡಿ ಮನೆ," ಅಂದ.
ನಲವತ್ತೈದು ವರ್ಷ ನಾನು ಕೇಳಿದ ಮಹಡಿ ಮನೆ
ಮೀನಿಗೆ ಸಿಕ್ಕಿತು.

ದಂಡೆಯಿಂದ ಬೆಣಚುಕಲ್ಲು ಹೊತ್ತು ತಂದೆವು.
ಬಕೆಟ್ಟಿಗೊಂದು ಕಲ್ಲು ಆರಿಸಿ, ವಿನಿಗರ್ ತೊಟ್ಟಿಕ್ಕಿಸಿ,
ಕಿವಿ ಹಚ್ಚಿ ಕೇಳಿದ. ಸುಣ್ಣದ ಕಲ್ಲಾದರೆ ಬುಸುಗುಡುತ್ತದಂತೆ.
ಏಳು ನೀರಲ್ಲಿ ತೊಳಿ, ಉಪ್ಪು ಪೂರಾ ಹೋಗಬೇಕು, ಅಂದ.
ಉಪ್ಪಿನಲ್ಲೇ ಹುಟ್ಟಿದವಳು,
ಬಂಡೆಯ ಮೇಲೆ ಉಪ್ಪುಮೀನು ಒಣಹಾಕಿದವರ ಮೊಮ್ಮಗಳು,
ಕಲ್ಲಿನಿಂದ ಉಪ್ಪು ಬಿಡಿಸುತ್ತ ಕೂತೆ.

ಆಮೇಲೆ ಏನೂ ಆಗಲಿಲ್ಲ. ಆರು ವಾರ.
ಮೀನಿಲ್ಲದ ನೀರಿಗೆ ಹನಿ ಹನಿ ಅಮೋನಿಯ ಹಾಕಿ
ದಿನಾ ಬೆಳಿಗ್ಗೆ ಗಾಜಿನ ಕೊಳವೆಯಲ್ಲಿ ಹಿಡಿದು
ಬೆಳಕಿಗೆತ್ತಿ ನೋಡುತ್ತಿದ್ದ.
ಹಸಿರು. ಹಸಿರು. ಹಸಿರು.
ಕಣ್ಣಿಗೆ ಕಾಣದ ಯಾರೋ ಬಂದು ಕಲ್ಲುಗಳಲ್ಲಿ ನೆಲೆನಿಂತು
ವಿಷವನ್ನು ಗೊಬ್ಬರ ಮಾಡಬೇಕು.
ಕರೆದರೆ ಬರುವವರಲ್ಲ ಅವರು.
ನೆರೆಯ ಆಬ್ಸಲಮ್ ಬಾಗಿಲಲ್ಲಿ ಇಣುಕಿ,
"ಏನಯ್ಯಾ, ಬರೀ ನೀರು ಸಾಕ್ತಾ ಇದ್ದೀಯ?"
"ಹೂಂ. ಇನ್ನೂ ಕಾಯಿ. ಮಾಗಬೇಕು."
ನಲವತ್ತಮೂರನೇ ದಿನ ಕೊಳವೆ ನಿಂಬೆಹಳದಿಗೆ ತಿರುಗಿತು.
ಹೆಡ್ಲಿ ಟೋಪಿ ತೆಗೆದ.

ನಲವತ್ತು ಟ್ರೌಟ್ ಮರಿ, ಕಿರುಬೆರಳುದ್ದ.
ಹದಿನಾಲ್ಕಕ್ಕೆ ಕಡಲಿಗಿಳಿದವನು,
ಕಾಡ್ ಮೀನು ಬರಿದಾಗಿ ಸರ್ಕಾರ ಬಲೆ ಮಡಿಸಿಟ್ಟ ವರ್ಷದವರೆಗೂ
ದೋಣಿ ಅಂಚುಮುಟ್ಟ ಮೀನೆತ್ತಿದವನು,
ಒಂದಕ್ಕಾದರೂ ಉಣಿಸಿದವನಲ್ಲ.
ಮೊದಲ ದಿನ ಹಿಡಿಕಾಳು ಹಿಡಿದು ಸುಮ್ಮನೆ ನಿಂತ,
ಬಡಿಸಿ ಅಭ್ಯಾಸವಿಲ್ಲದ ಗಂಡಸು.

ಫೆಬ್ರವರಿಯ ಬಿರುಗಾಳಿಗೆ ಕಂಬ ಉರುಳಿತು.
ಗಡಿಯಾರದ ಕೆಂಪು ಅಂಕಿ ಆರಿದ್ದು ಕಂಡದ್ದೇ
ಅಂಗಿಯ ಮೇಲೆ ಕೋಟು, ಬರಿಗಾಲಿಗೆ ಬೂಟು.
ಪಂಪು ಸತ್ತಿತ್ತು. ಮೀನುಗಳು ಮೇಲೆ ಬಂದು
ಬಾಯಿ ಬಿಡುತ್ತಿದ್ದವು.
ಗೋಡೆಯಲ್ಲಿ ತೂಗುಹಾಕಿದ್ದ ದೋಣಿಯ ಡಬ್ಬ ಇಳಿಸಿದ.
ಮುಳುಗಬಾರದೆಂದು ಮೊಗೆದು ಮೊಗೆದು ಹೊರಗೆಸೆದ ಡಬ್ಬ.
ಈಗ ಅದರಲ್ಲೇ ಮೊಗೆದು, ತಲೆಯೆತ್ತರಕ್ಕೆತ್ತಿ,
ಅಲ್ಲಿಗೇ ಸುರಿದ, ಗಾಳಿ ಬೆರೆಯಲೆಂದು.
ಎರಡು ಗಂಟೆ ಅವನು, ಒಂದು ಗಂಟೆ ನಾನು.
ನಾಲ್ಕಕ್ಕೆ ಲಾಟೀನು ಹಿಡಿದು ಆಬ್ಸಲಮ್ ಬಂದ,
ಮೀಸೆಯ ತುಂಬ ಹಿಮ,
ಮಾತಾಡದೆ ನನ್ನ ಕೈಯಿಂದ ಡಬ್ಬ ಇಸಿದುಕೊಂಡ.

ಬೆಳಕಾದಾಗ ಮೂರು ಹೊಟ್ಟೆ ಮೇಲಾಗಿದ್ದವು.
ಟನ್ನುಗಟ್ಟಲೆ ತೂಗಿಸಿದವನು
ಮೂರನ್ನು ಎರಡು ಸಲ ಎಣಿಸಿದ.

ಆಗಸ್ಟಿನಲ್ಲಿ ಮೊಣಕೈಯುದ್ದ ಆದವು.
ಇಪ್ಪತ್ತು ವರ್ಷ ಕಾರ್ಖಾನೆಯ ಸಾಲಿನಲ್ಲಿ ನಿಂತು
ಮೀನು ಸೀಳಿದ ಕೈ ನನ್ನದು, ಚಾಕು ಮರೆತಿರಲಿಲ್ಲ.
ಸೌದೆ ತರುತ್ತೇನೆಂದು ಹೆಡ್ಲಿ ಹೊರಗೆ ಹೋದ.
ಸೌದೆ ಒಲೆಯ ಪಕ್ಕ ಆಳೆತ್ತರ ಇತ್ತು.
ಹಂದಿ ಕೊಬ್ಬಿನಲ್ಲಿ ಹುರಿದು, ಮಹಡಿಯ ಸೊಪ್ಪು ಕಿತ್ತು ಬಡಿಸಿದೆ.
ಬಹಳ ಹೊತ್ತು ತಟ್ಟೆ ನೋಡಿದ. ಒಂದು ತುತ್ತು ತಿಂದ,
ಅಗಿದ, ನುಂಗಿದ,
ಕಿಟಕಿಯಾಚೆ ಕಡಲ ಕಡೆ ನೋಡಿ,

"ಉಪ್ಪು ಸಾಲದು," ಅಂದ.